ಕರಿ ಗೆರೆ ಇದ್ದಲ್ಲೇ ಬಟ್ಟೆ ಹರಿದಿತ್ತು

ಒಂದು ಸೋಮವಾರ ಬೆಳಿಗ್ಗೆ ಫೋನ್ ಬಂತು. "ಮೇಡಂ, ನೀವು ಮಾಡಿಕೊಟ್ಟ ಬಟ್ಟೆ ಹರಿದಿದೆ. ನಮ್ಮವರು ಯಾರೂ ಮುಟ್ಟಿಲ್ಲ. ತಾನಾಗೇ ಹರಿದಿದೆ."

ತಾನಾಗೇ ಬಟ್ಟೆ ಹರಿಯುತ್ತಾ? ನನಗೆ ನಂಬಿಕೆ ಬರಲಿಲ್ಲ. ಬೆಂಗಳೂರಿನ ಒಂದು ಕಚೇರಿಯ ರಿಸೆಪ್ಷನ್ ಗೋಡೆಗೆ ಮಾಡಿಕೊಟ್ಟ ಖಾದಿ ಅದು. 10 ಅಡಿ ಉದ್ದ, 4 ಅಡಿ ಅಗಲ. ತೂಗುಹಾಕಿ ಇನ್ನೂ 14 ತಿಂಗಳಾಗಿತ್ತು. ಕಸ ಗುಡಿಸುವಾಗ ಕೋಲು ತಾಗಿರಬೇಕು, ಈಗ ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಳ್ಳುತ್ತಲೇ ಸಾಗರದಿಂದ ರಾತ್ರಿ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಕೋಲು ತಾಗಿದ ಹರುಕಲ್ಲ. ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ಕಂದು ಬಣ್ಣ ಹಿಡಿದ ಭಾಗ ಗಟ್ಟಿಯಾಗಿತ್ತು. ಕೆಮ್ಮಣ್ಣು ಹಿಡಿದ ಭಾಗವೂ ಗಟ್ಟಿಯಾಗಿತ್ತು. ಕರಿ ಗೆರೆಗಳು ಎಲ್ಲೆಲ್ಲಿ ಹಾದುಹೋಗಿದ್ದವೋ ಅಲ್ಲಲ್ಲಿ ಮಾತ್ರ, ಗೆರೆ ಹಿಡಿದುಕೊಂಡೇ ಬಟ್ಟೆ ಬಿಟ್ಟಿತ್ತು. ಅಂಚನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಹಪ್ಪಳದ ಚೂರಿನ ಹಾಗೆ ಉದುರಿತು. ಗೋಡೆಯ ಕೆಳಗೆ ನೆಲದಲ್ಲಿ ಕಪ್ಪು ಪುಡಿ ಬಿದ್ದಿತ್ತು. ಅಲ್ಲಿನವರು ಒಂದು ಮಾತು ಹೇಳಿದರು, ಅದನ್ನು ನಾನು ಮರೆಯುವ ಹಾಗಿಲ್ಲ: "ಮೊದಲು ಎರಡು ತಿಂಗಳು ಇದೂ ಡಿಸೈನೇ ಅಂದುಕೊಂಡಿದ್ವಿ."

ನನ್ನ ಕೆಲಸ ಏನು ಅಂತ ಊರಲ್ಲಿ ವಿವರಿಸೋದು ಕಷ್ಟ. ಹೊಸ ಬಟ್ಟೆಯನ್ನು ಹಳೇದು ಮಾಡುತ್ತೇನೆ. ಗಿಡಮರದ ಬಣ್ಣ ಹಾಕುತ್ತೇನೆ, ಮಳೆಗೆ ಬಿಡುತ್ತೇನೆ, ಬಿಸಿಲಿಗೆ ಒಡ್ಡುತ್ತೇನೆ, ಮಣ್ಣಲ್ಲಿ ಹೂಳುತ್ತೇನೆ. ಆಮೇಲೆ ಆ ತುಂಡುಗಳನ್ನು ಜೋಡಿಸಿ ಹೊಲಿದು ಗೋಡೆಗೆ ತೂಗುಹಾಕುವಂಥದ್ದು ಮಾಡುತ್ತೇನೆ. "ಇದಕ್ಕೆ ದುಡ್ಡು ಕೊಡ್ತಾರಾ?" ಅಂತ ಅಮ್ಮ ಇವತ್ತಿಗೂ ಕೇಳುತ್ತಾಳೆ. ಅಪ್ಪನ ಪಂಚೆಗೆ ಬಾಳೆ ಕರೆ ಹತ್ತಿತು ಅಂತ ಜನ್ಮವಿಡೀ ಬೈದವಳು ಅವಳು. ಮಗಳು ಬೇಕಂತಲೇ ಬಾಳೆ ದಿಂಡಿನ ರಸ ಬಳಿಯೋದನ್ನು ನೋಡಿದರೆ ಪಾಪ, ಏನನ್ನಿಸಬೇಕು!

ನಮ್ಮ ಕಡೆ ಬಣ್ಣಕ್ಕೆ ಬರವಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಬೇಯುತ್ತದೆ. ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸುತ್ತಾ ಹೋದರೆ ನೀರು ಗಟ್ಟಿಯಾಗಿ ಚೊಗರಾಗುತ್ತದೆ. ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಇಂಥ ಬಣ್ಣಗಳನ್ನೇ ಹಾಕಿ ನಾಡಿಗೆಲ್ಲ ಉಡಿಸಿದ್ದಾರೆ. ನಾನು ಮಾಡುವುದು ಅದರ ಪಕ್ಕದ ಹುಚ್ಚು. ಚೊಗರಿನ ಮಜಾ ಇರೋದು ಅದು ಯಾವುದರ ಜೊತೆ ಸೇರುತ್ತೆ ಅನ್ನೋದರಲ್ಲಿ. ಸುಣ್ಣ ಹಚ್ಚದೆ ಬರೀ ಅಡಿಕೆ ಜಗಿದರೆ ಬಾಯಿ ಅಷ್ಟು ಕೆಂಪಾಗಲ್ಲ, ಅಲ್ವಾ? ಬಟ್ಟೆಯೂ ಹಾಗೇ. ಚೊಗರಲ್ಲಿ ಅದ್ದಿ ಒಣಗಿಸಿ ತಿಳಿ ಸುಣ್ಣದ ನೀರಿಗೆ ಇಳಿಸಿದರೆ ಕಂದು ಬಣ್ಣ ಕೆಂಪಿಗೆ ತಿರುಗುತ್ತದೆ. ಅದೇ ಬಟ್ಟೆಗೆ ಕಬ್ಬಿಣ ತಾಗಿಸಿದರೆ ಕಣ್ಣೆದುರೇ ಕಪ್ಪು. ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗೋದು, ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕಪ್ಪಾಗೋದು, ಎಲ್ಲ ಒಂದೇ ಸಂಗತಿ. ಒಗರು ಇದ್ದಲ್ಲಿ ಕಬ್ಬಿಣ ಹೋದರೆ ಕಪ್ಪು ಹುಟ್ಟುತ್ತದೆ.

ಅರಿಶಿನದ ಬಗ್ಗೆ ಹೆಚ್ಚು ಹೇಳಲ್ಲ. ಹಬ್ಬದ ದಿನ ಚೆನ್ನಾಗಿರುತ್ತದೆ, ಬಿಸಿಲಿನ ಕಿಟಕಿಗೆ ಕಟ್ಟಿದರೆ ಒಂದು ವಾರದಲ್ಲಿ ಓಡಿಹೋಗುತ್ತದೆ. ಹಳದಿ ಬೇಕಾದರೆ ದಾಳಿಂಬೆ ಸಿಪ್ಪೆ ಕುದಿಸಿ, ಅಷ್ಟೇ.

ಮಳೆಗೆ ಬಿಡೋದನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಯಾಕೆಂದರೆ ಅಲ್ಲೇ ನನಗೆ ಮೊದಲ ಪಾಠ ಸಿಕ್ಕಿದ್ದು, ಅಲ್ಲೇ ನಾನು ಅದನ್ನು ಅರ್ಧ ಮಾತ್ರ ಕಲಿತಿದ್ದು. 2019ರ ಮಳೆಗಾಲದಲ್ಲಿ ತೋಟದ ಬೇಲಿಗೆ ಒಂದೇ ಥರದ 6 ಪಟ್ಟಿ ಕಟ್ಟಿದೆ. ಎಲ್ಲವೂ ಚೊಗರಿನವು. ಮೃಗಶಿರದಿಂದ ಮಘೆ ಮಳೆವರೆಗೆ, ಒಂದೊಂದು ಮಳೆ ಮುಗಿದಾಗ ಒಂದೊಂದು ಪಟ್ಟಿ ಬಿಚ್ಚೋದು ಅಂತ ಲೆಕ್ಕ. ಪಕ್ಕದ ಮನೆ ಮಾವ, ಯಾರೋ ನೆಂಟರ ಟವೆಲು ಮರೆತಿದ್ದೀರಿ ಅಂತ ಎರಡು ಸಲ ಬಿಚ್ಚಿ ತಂದುಕೊಟ್ಟರು. ಎರಡು ಸಲವೂ ಚಹಾ ಕುಡಿಸಿ, ಹೊರಟ ಮೇಲೆ ವಾಪಸ್ ಕಟ್ಟಿದೆ.

ಮೃಗಶಿರದಲ್ಲಿ ಏನೂ ಆಗಲಿಲ್ಲ. ಆರಿದ್ರಾ ಮಳೆ ಹೊಯ್ದ ಮೇಲೆ ಬಟ್ಟೆ ಮಡಿಚಿದ ಕಡೆ ಮೇಲ್ಭಾಗ ತಿಳಿಯಾಯಿತು, ನೀರು ಇಳಿದು ನಿಲ್ಲುವ ಕೆಳಗಿನ ಅಂಚು ಕಪ್ಪಗಾಯಿತು. ಪುನರ್ವಸುವಿನಲ್ಲಿ ಬಸವನಹುಳು ಹಾದುಹೋದ ದಾರಿ ಬಟ್ಟೆ ಮೇಲೆ ಸಣ್ಣ ಬಿಳಿ ಗೆರೆಯಾಗಿ ಕೂತಿತ್ತು. ಎಷ್ಟು ಚೆಂದ ಇತ್ತೆಂದರೆ, ಕೈಯಲ್ಲಿ ಬಿಡಿಸೋಕೆ ಹೋದರೆ ಅಷ್ಟು ಚೆನ್ನಾಗಿ ಬರಲ್ಲ. ಪುಷ್ಯದಲ್ಲಿ ಹಸಿರು ಪಾಚಿ ಬಂತು. ಆಶ್ಲೇಷದಲ್ಲಿ ಕರಿ ಚುಕ್ಕೆಯ ಬೂಸ್ಟು. ಮಘೆ ಮುಗಿದಾಗ ಬಿಚ್ಚಿದ ಪಟ್ಟಿ ನೋಡೋಕೆ ಎಲ್ಲಕ್ಕಿಂತ ಅದ್ಭುತವಾಗಿತ್ತು, ಎರಡೂ ತುದಿ ಹಿಡಿದು ಎಳೆದರೆ ಸದ್ದಿಲ್ಲದೆ ಎರಡಾಯಿತು.

ಈ ಸದ್ದಿನ ವಿಷಯ ನನಗೆ ಹೇಳಿಕೊಟ್ಟಿದ್ದು ನಮ್ಮ ಶೆಡ್ಡಿನಲ್ಲಿ ಕೆಲಸ ಮಾಡುವ ಅಕ್ಕ. ಅವರು ಮೊದಲು ಮಗ್ಗದಲ್ಲಿದ್ದವರು. "ಗಟ್ಟಿ ಬಟ್ಟೆ ಹರಿದ್ರೆ ಚರ್ರ್ ಅಂತ ಬೈಯುತ್ತೆ. ಸತ್ತ ಬಟ್ಟೆ ಬೈಯಲ್ಲ, ಸುಮ್ನೆ ಬಿಟ್ಟುಕೊಡುತ್ತೆ" ಅಂದರು. ಆವತ್ತಿಂದ ನಮ್ಮಲ್ಲಿ ಒಂದು ನಿಯಮವಾಯಿತು. ಏನೇ ಚೆಂದ ಕಾಣಲಿ, ಪುಷ್ಯ ಮಳೆಗೆ ಮುಂಚೆ ಬಟ್ಟೆ ಒಳಗೆ ಬರಬೇಕು.

ಹೂಳೋದಂತೂ ಇನ್ನೂ ವೇಗ. ಒಮ್ಮೆ ಗೊಬ್ಬರದ ಗುಂಡಿಯ ಪಕ್ಕ ಒಂದು ಹತ್ತಿ ತುಂಡು ಹೂತು, ಮದುವೆ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ಎರಡು ತಿಂಗಳ ನಂತರ ಅಗೆದರೆ ಬಟ್ಟೆಯೇ ಇಲ್ಲ. ಅಂಚು ಹೊಲಿದ ಪಾಲಿಯೆಸ್ಟರ್ ದಾರ ಮಾತ್ರ ಚೌಕಾಕಾರದಲ್ಲಿ ಹಾಗೇ ಕೂತಿತ್ತು, ಬಟ್ಟೆಯ ನಕ್ಷೆ ಬರೆದಿಟ್ಟ ಹಾಗೆ. ಅದೇ ಗುಂಡಿಯಲ್ಲಿದ್ದ ಚೊಗರಿನ ತುಂಡು ತೂತುಬಿದ್ದಿದ್ದರೂ ಉಳಿದಿತ್ತು. ಒಗರಿಗೆ ಕೊಳೆಸುವ ಜೀವಿಗಳನ್ನು ತಡೆಯುವ ಗುಣ ಇದೆ. ನೈಲಾನ್ ಬರುವ ಮುಂಚೆ ಮೀನುಗಾರರು ಹತ್ತಿ ಬಲೆಗಳನ್ನು ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದಿದ್ದು ಇದಕ್ಕೇ.

ಅಂದರೆ ಮಳೆ, ಬೂಸ್ಟು, ಮಣ್ಣು ಇವೆಲ್ಲ ಬಟ್ಟೆ ತಿನ್ನುತ್ತವೆ ಅಂತ ನನಗೆ ಗೊತ್ತಿತ್ತು. ಒಳಗೆ ತಂದು ಒಗೆದು ಒಣಗಿಸಿದರೆ ತಿನ್ನೋದು ನಿಲ್ಲುತ್ತದೆ ಅಂತಲೂ ಗೊತ್ತಿತ್ತು. ಒಳಗೆ ತಂದರೂ ನಿಲ್ಲದ್ದು ಒಂದಿದೆ ಅನ್ನೋದು ಗೊತ್ತಿರಲಿಲ್ಲ.

ಆ ಕಚೇರಿಯ ಬಟ್ಟೆಗೆ ನಾನು ಮಾಡಿದ್ದು ಹೀಗೆ. ಚೊಗರಲ್ಲಿ ಮೂರು ಅದ್ದು. ಆಮೇಲೆ ತುಕ್ಕು ಹಿಡಿದ ಸೆಂಟ್ರಿಂಗ್ ಕಂಬಿಗಳಿಗೆ ವಿನೆಗರ್ ನೀರಲ್ಲಿ ನೆನೆಸಿದ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಮುಚ್ಚಿ ಮೂರು ರಾತ್ರಿ ಬಿಟ್ಟೆ. ಬಿಚ್ಚಿದಾಗ ಗೆರೆಗಳು ಬಂದಿದ್ದವು, ಆದರೆ ನನ್ನ ಮನಸ್ಸಿನ ಕಪ್ಪು ಬಂದಿರಲಿಲ್ಲ. ಗ್ರಂಧಿಗೆ ಅಂಗಡಿಯಿಂದ ತಂದ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು ಇತ್ತು. ನೀರಲ್ಲಿ ಕಲಸಿ ಗೆರೆಗಳ ಮೇಲೆ ಬ್ರಷ್ಷಿನಲ್ಲಿ ಬಳಿದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಅಕ್ಕ ಅಲ್ಲೇ ನಿಂತು ನೋಡುತ್ತಿದ್ದರು. "ಅಲ್ಲ ಮಾರಾಯ್ತಿ, ಸಾಕಲ್ವನೇ?" ಅಂದರು. ಕೊಡುವ ದಿನ ಹತ್ತಿರ ಬಂದಿತ್ತು. ಒಂದೇ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿದೆ. ಆ ಕಪ್ಪನ್ನು ನೋಡಿ ನಾನೇ ಹಿಗ್ಗಿದ್ದೆ.

ಲೆಕ್ಕ ಆಮೇಲೆ ಹಾಕಿದೆ. ಬಟ್ಟೆಯ ತೂಕ 1 ಕೆಜಿ ಚಿಲ್ಲರೆ. ಅಷ್ಟು ಬಟ್ಟೆಗೆ ಅನ್ನಭೇದಿ 20-30 ಗ್ರಾಂ ದಾಟಬಾರದು. ಕಪಾಟಿನಲ್ಲಿ ಕಾಲು ಕೆಜಿ ಪೊಟ್ಟಣ ಖಾಲಿ ಬಿದ್ದಿತ್ತು. ಅದೂ ಇಡೀ ಬಟ್ಟೆಗೆ ಹರಡಿದ್ದಲ್ಲ, ಬರೀ ಗೆರೆಗಳಿಗೆ ಸುರಿದಿದ್ದು.

ಅನ್ನಭೇದಿ ಅಂದರೆ ಕಬ್ಬಿಣ ಮತ್ತು ಗಂಧಕಾಮ್ಲ ಸೇರಿದ ಉಪ್ಪು. ಒಗರಿನ ಜೊತೆ ಸೇರಿ ಕಪ್ಪಾಗುವಾಗ ಆಮ್ಲವನ್ನು ಬಿಟ್ಟುಕೊಡುತ್ತದೆ. ಹತ್ತಿಯ ನೂಲಿಗೆ ಆಮ್ಲ ಆಗಿಬರಲ್ಲ, ಉದ್ದನೆಯ ಎಳೆಯನ್ನು ತುಂಡುತುಂಡು ಮಾಡುತ್ತದೆ. ಅದರ ಮೇಲೆ, ಬಣ್ಣಕ್ಕೆ ಅಂಟದೆ ಉಳಿದ ಕಬ್ಬಿಣ ಸುಮ್ಮನೆ ಕೂರಲ್ಲ. ಗಾಳಿಯ ಆಮ್ಲಜನಕ ನೂಲನ್ನು ಸುಡುವ ಕೆಲಸಕ್ಕೆ ಅದು ದಲ್ಲಾಳಿ ಇದ್ದ ಹಾಗೆ. ತಾನು ಖರ್ಚಾಗಲ್ಲ, ವ್ಯಾಪಾರ ನಡೆಸುತ್ತಲೇ ಇರುತ್ತದೆ. ಆ ಕಚೇರಿಯ ಗೋಡೆಗೆ ಪಶ್ಚಿಮದ ಗಾಜಿನಿಂದ ಸಂಜೆ ಬಿಸಿಲು ನೇರ ಬೀಳುತ್ತಿತ್ತು. ಬೆಂಕಿಗೆ ತುಪ್ಪ.

ಇದು ನಾನು ಕಂಡುಹಿಡಿದ ರೋಗವೇನೂ ಅಲ್ಲ. ಕೋರಮಂಡಲ ಕರಾವಳಿಯಿಂದ ಯುರೋಪಿಗೆ ಹೋದ ಹಳೆಯ ಚಿಂಟ್ಸ್, ಅಂದರೆ ಹೂಬಳ್ಳಿ ಬರೆದ ಹತ್ತಿ ಬಟ್ಟೆಗಳಲ್ಲಿ ಹೂವಿನ ಕೆಂಪು ಚೆನ್ನಾಗಿಯೇ ಇದ್ದು, ಸುತ್ತ ಬರೆದ ಕರಿ ಗೆರೆ ಮಾತ್ರ ತಿಂದುಹೋಗಿರುವುದುಂಟು. ಕೆಂಪಿಗೆ ಪಟಿಕ, ಕಪ್ಪಿಗೆ ಕಬ್ಬಿಣ. ಕಬ್ಬಿಣದ ಹಳೆಯ ಶಾಯಿಯಲ್ಲಿ ಬರೆದ ಕಾಗದಗಳಲ್ಲಿ ಅಕ್ಷರ ಇದ್ದ ಜಾಗ ತೂತಾಗಿರುವುದೂ ಇದೇ ಕಾರಣಕ್ಕೆ. ಚಿಂಟ್ಸಿನ ಫೋಟೋಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಹಳೇದು, ಹರಿದಿದೆ ಅಂದುಕೊಂಡಿದ್ದೆ. ಎಲ್ಲಿ ಹರಿದಿದೆ ಅಂತ ನೋಡಿರಲಿಲ್ಲ.

ಹಾಗಾದರೆ ಕೆಮ್ಮಣ್ಣಲ್ಲೂ ಕಬ್ಬಿಣ ಇಲ್ವಾ, ಅದ್ಯಾಕೆ ಉಳಿಯಿತು ಅಂತ ಅಕ್ಕ ಕೇಳಿದರು. ಒಳ್ಳೇ ಪ್ರಶ್ನೆ. ಮಣ್ಣಿನ ಕೆಂಪು ಆಗಲೇ ಪೂರ್ತಿ ತುಕ್ಕಾಗಿ ಮುಗಿದ ಕಬ್ಬಿಣ. ನೀರಲ್ಲಿ ಕರಗಲ್ಲ, ಎಳೆಗಳ ನಡುವೆ ಧೂಳಾಗಿ ಕೂರುತ್ತದೆ. ಅದರಿಂದ ಅಷ್ಟು ತೊಂದರೆ ಇಲ್ಲ. ಕರಗಿದ ಕಬ್ಬಿಣ ಜಾಸ್ತಿಯಾದರೆ, ಜೊತೆಗೆ ಹುಳಿಯೂ ಉಳಿದರೆ ಕಷ್ಟ. ನಾನು ಎರಡನ್ನೂ ಧಾರಾಳವಾಗಿ ಕೊಟ್ಟಿದ್ದೆ.

ಹೊಸ ಬಟ್ಟೆ ನನ್ನ ಖರ್ಚಲ್ಲೇ ಮಾಡಿಕೊಟ್ಟೆ. ಎರಡು ತಿಂಗಳ ದುಡಿಮೆ ಹೋಯಿತು. ಈ ಸಲ ಕಪ್ಪಿಗೆ ಬೇರೆ ದಾರಿ ಹಿಡಿದೆ. ಚೊಗರಿನ ಕಂದು ಬಣ್ಣದ ಮೇಲೆ ನೀಲಿ ಗಿಡದ ಬಣ್ಣದ ಹಂಡೆಯಲ್ಲಿ ನಾಲ್ಕು ಅದ್ದು. ಗೆರೆ ಬೇಡದ ಜಾಗವನ್ನು ದಾರ ಬಿಗಿದು ಕಟ್ಟಿದ್ದೆ. ಕಾಡಿಗೆಯಂಥ ಕಪ್ಪು ಬರಲಿಲ್ಲ. ಮಳೆಗಾಲದ ಸಂಜೆ ತೋಟದೊಳಗೆ ಇರುತ್ತಲ್ಲ, ಅಂಥ ಕತ್ತಲೆ ಬಂತು. ನನಗೆ ಇದೇ ಹೆಚ್ಚು ಇಷ್ಟವಾಯಿತು, ಆದರೆ ಹಾಗೆ ಹೇಳಿದರೆ ಸೋತವಳ ಸಮಾಧಾನ ಅನ್ನುತ್ತೀರಿ.

ಕಬ್ಬಿಣವನ್ನು ಪೂರ್ತಿ ಬಿಟ್ಟಿಲ್ಲ. ಬೂದು ಬಣ್ಣಕ್ಕೆ ಅದು ಬೇಕೇ ಬೇಕು. ಆದರೆ ಈಗ ಶೆಡ್ಡಿನಲ್ಲಿ ಅಕ್ಕಸಾಲಿಗರ ಥರದ ಸಣ್ಣ ತಕ್ಕಡಿ ಇದೆ. ಕೈ ಅಂದಾಜು ಸಾರಿನ ಉಪ್ಪಿಗೆ ಮಾತ್ರ. ಕಬ್ಬಿಣದ ನೀರು ಕೊನೆಗೆ, 10 ನಿಮಿಷ, ಕೈ ಆಡಿಸುತ್ತಲೇ. ನಂತರ ನಾಲ್ಕೈದು ನೀರಲ್ಲಿ ಜಾಲಿಸಿ, ಒಂದು ನೀರಿಗೆ ಚೂರು ವಾಷಿಂಗ್ ಸೋಡಾ ಹಾಕುತ್ತೇವೆ, ಹುಳಿ ಹೋಗಲಿ ಅಂತ. ಸೋಡಾ ತಾಗಿದರೆ ಚೊಗರು ಸ್ವಲ್ಪ ಕೆಂಪಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ತೂಗುವ ಬಟ್ಟೆಯ ಭಾರ ಅದರ ಮೇಲೇ ಬೀಳದ ಹಾಗೆ ಹಿಂದೆ ಗಟ್ಟಿ ಖಾದಿಯ ಅಸ್ತರಿ ಕೊಟ್ಟು ಅಲ್ಲಲ್ಲಿ ಕೈಹೊಲಿಗೆ ಹಾಕುತ್ತೇವೆ. ಗಿರಾಕಿಗೆ ಮೊದಲ ದಿನವೇ ಕೇಳುತ್ತೇನೆ: ಬಿಸಿಲು ಯಾವ ದಿಕ್ಕಿಂದ ಬರುತ್ತೆ?

ಇನ್ನೊಂದು, ಪ್ರತಿ ಆರ್ಡರಿನ ಬಟ್ಟೆಯಿಂದ ಎರಡು ಬೆರಳಗಲದ ಹತ್ತು ಪಟ್ಟಿ ಕತ್ತರಿಸಿ, ಶೆಡ್ಡಿನ ಪಶ್ಚಿಮದ ಕಿಟಕಿಗೆ ತಾರೀಖು ಬರೆದು ನೇತುಹಾಕುತ್ತೇವೆ. ಹಳೆಯ ಆರ್ಡರುಗಳ ಚೂರುಪಾರು ಚೀಲದಲ್ಲಿ ಇದ್ದಿದ್ದನ್ನೂ ಹುಡುಕಿ ಸೇರಿಸಿದೆವು. ಆರು ತಿಂಗಳಿಗೊಮ್ಮೆ ಒಂದೊಂದನ್ನು ಹರಿಯೋದು. ಹರಿಯುವ ಕೆಲಸ ಅಕ್ಕನದು, ಅವರ ಕಿವಿ ನನ್ನದಕ್ಕಿಂತ ಚುರುಕು.

ಕಳೆದ ತಿಂಗಳು ಹರಿದರು. ಹೊಸವೆಲ್ಲ ಚರ್ರ್ ಅಂದವು. 2021ರ ಒಂದು ಬೂದು ಪಟ್ಟಿ ಕೈಗೆ ಬಂದಾಗ ಅಕ್ಕ ಹರಿದು, ಇನ್ನೊಮ್ಮೆ ಹರಿದು, ತಲೆ ಓರೆ ಮಾಡಿದರು.

"ಇದರ ದನಿ ಸಣ್ಣ ಆಗಿದೆ ಕಣೇ. ಇದು ಯಾರ ಮನೇದು?"

ಪುಸ್ತಕ ತೆಗೆದು ನಂಬರ್ ಹುಡುಕಿದೆ. ಆ ಕಡೆಯವರು ಫೋನ್ ಎತ್ತಿ, "ಏನ್ ಮೇಡಂ, ಇಷ್ಟು ವರ್ಷ ಆದ್ಮೇಲೆ?" ಅಂದರು. ಬಟ್ಟೆ ಹೇಗಿದೆ ಅಂತ ಕೇಳಿದೆ. ಚೆನ್ನಾಗೇ ಇದೆ ಅಂದರು. ಇಳಿಸಿ ಕಳಿಸಿ, ಅಸ್ತರಿ ಹಾಕಿಕೊಡುತ್ತೇನೆ ಅಂದೆ.