ಮ್ಯಾಂಜನೀಟಾ: ಮೂರು ವರ್ಷ ಆಯಿತು, ಉಳಿದದ್ದು ಒಂದು

ಹೋದ ಸಲ ಬರೆದಾಗ ಹಿತ್ತಿಲಲ್ಲಿ ಎರಡು ಮ್ಯಾಂಜನೀಟಾ ಗಿಡ ಇದ್ದವು. ಈಗ ಒಂದೇ. ಇನ್ನೊಂದು ನೀರು ಕುಡಿದು ಸತ್ತಿತು.

ಗೊತ್ತಿಲ್ಲದವರಿಗೆ: ನಮ್ಮ ಮನೆ ಸ್ಯಾನ್ ಹೋಸೆಯಲ್ಲಿ, ಮಣ್ಣು ಜಿಗುಟು ಜೇಡಿ. 2022ರ ನವೆಂಬರ್‌ನಲ್ಲಿ, ಮೊದಲ ಮಳೆ ಬಿದ್ದ ಮೇಲೆ, 'ಹೊವರ್ಡ್ ಮೆಕ್‌ಮಿನ್' ತಳಿಯ ಎರಡು ಗಿಡ ತಂದು ಸಣ್ಣ ದಿಬ್ಬ ಮಾಡಿ ನೆಟ್ಟೆ. ಗೊಬ್ಬರ ಹಾಕಲಿಲ್ಲ. ಕ್ಯಾಲಿಫೋರ್ನಿಯಾದ ಒಣ ಗುಡ್ಡಗಳ ಗಿಡ ಇದು, ಬೇಸಿಗೆಯಿಡೀ ಹನಿ ಮಳೆ ಇಲ್ಲದಿದ್ದರೂ ಹಸಿರಾಗೇ ನಿಂತಿರುತ್ತದೆ. ಎಲೆಗಳನ್ನು ನೆಟ್ಟಗೆ ನಿಲ್ಲಿಸಿಕೊಂಡು ಮಧ್ಯಾಹ್ನದ ಬಿಸಿಲಿಗೆ ಬರೀ ಅಂಚು ತೋರಿಸುತ್ತದೆ, ಜಾಣ ಗಿಡ.

ಹೋದ ಜೂನ್‌ನಲ್ಲಿ ಶಿರಸಿಯಿಂದ ಆಯಿ ಬಂದಿದ್ದಳು. "ಪಾಪ, ಗಿಡ ಒಣಗ್ತಾ ಇದ್ದು" ಅಂತ ದಿನಾ ಸಂಜೆ ಪೈಪ್ ಹಿಡಿದು ನಿಲ್ಲುತ್ತಿದ್ದಳಂತೆ, ನಾನು ಆಫೀಸಿನಲ್ಲಿ, ಗೊತ್ತೇ ಆಗಲಿಲ್ಲ. ಆಗಸ್ಟ್ ಹೊತ್ತಿಗೆ ಬೇಲಿ ಪಕ್ಕದ ಗಿಡದ ಒಂದೊಂದೇ ಕೊಂಬೆ ಒಣಗಿತು. ಕಿತ್ತು ನೋಡಿದರೆ ಬೇರು ಕಪ್ಪು, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು. ಫೈಟಾಫ್ತೊರಾ (ಬೇರು ಕೊಳೆಸುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ) ಅಂತಲೇ ನನ್ನ ಗುಮಾನಿ, ಬೆಚ್ಚಗಿನ ಒದ್ದೆ ಮಣ್ಣು ಅದಕ್ಕೆ ಹಬ್ಬ. ನಮ್ಮ ಅಡಿಕೆಯ ಕೊಳೆರೋಗವೂ ಇದೇ ಬಳಗದ್ದು ಅಂದೆ. "ಹಂಗಾರೆ ಬೋರ್ಡೋ ಹೊಡಿ" ಅಂದಳು, ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ!

ಉಳಿದ ಗಿಡ ಮಾತ್ರ ಭರ್ಜರಿ. ಬೇಸಿಗೆಯಲ್ಲಿ ಹಳೆ ತೊಗಟೆ ಪೆನ್ಸಿಲ್ ಹೆರೆದ ಸುರುಳಿಯ ಹಾಗೆ ಬಿಟ್ಟುಕೊಂಡು, ಒಳಗಿನ ನುಣ್ಣನೆಯ ಕೆಂಪು ಕಾಂಡ ಕಾಣಿಸಿತು. ಫೆಬ್ರವರಿಯಲ್ಲಿ ಪುಟ್ಟ ಕೊಡಗಳನ್ನು ತಲೆಕೆಳಗಾಗಿ ನೇತು ಹಾಕಿದಂಥ ಹೂ, ಬೆಳಿಗ್ಗೆಯಿಂದ ಹಮ್ಮಿಂಗ್‌ಬರ್ಡ್‌ಗಳ ಜಗಳ. ಮ್ಯಾಂಜನೀಟಾ ಅಂದರೆ ಸ್ಪ್ಯಾನಿಷ್‌ನಲ್ಲಿ ಪುಟ್ಟ ಸೇಬು. ಕಾಯಿ ಇರುವುದೂ ಹಾಗೇ, ಬಟಾಣಿಯಷ್ಟು.

ಹೊಸ ಗಿಡ ಮಾಡಲು ಬೀಜದ ಸಹವಾಸ ಬೇಡ ಅಂದುಕೊಂಡೆ. ಗಟ್ಟಿ ಚಿಪ್ಪು, ಕಾಡಿಗೆ ಬೆಂಕಿ ಬಿದ್ದ ಮೇಲೆ ಮೊಳೆಯುವಂಥದ್ದು. ಡಿಸೆಂಬರ್‌ನಲ್ಲಿ ಕೊಂಬೆಯ 12 ತುಂಡು ಕತ್ತರಿಸಿ, ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚಿ ಪರ್ಲೈಟ್ ಎಂಬ ಹಗುರ ಬಿಳಿ ಹರಳಿನಲ್ಲಿ ಚುಚ್ಚಿದ್ದೆ. ಏಳು ಕಪ್ಪಾದವು. ಎರಡು ಹಸಿರಾಗಿವೆ, ಆದರೆ ಎಳೆದರೆ ಸಲೀಸಾಗಿ ಬರುತ್ತವೆ. ಮೂರು ಬಿಗಿಯಾಗಿ ಹಿಡಿದುಕೊಂಡಿವೆ, ಒಂದರ ತುದಿಯಲ್ಲಿ ಎರಡು ಹೊಸ ಎಲೆ. ಸತ್ತ ಗಿಡದ ಜಾಗದಲ್ಲಿ ಮತ್ತೆ ನೆಡುವುದಿಲ್ಲ, ರೋಗ ಮಣ್ಣಲ್ಲೇ ಕೂತಿರುತ್ತದೆ ಅಲ್ವಾ. ನವೆಂಬರ್‌ನಲ್ಲಿ ಗೇಟಿನ ಹತ್ತಿರ.

ಆಯಿಗೆ ಫೋಟೋ ಕಳಿಸಿದೆ. "ಇದಕ್ಕಾದ್ರೂ ನೀರು ಹಾಕ್ತ್ಯ ಇಲ್ಯ?" ಅಂತ ಕೇಳಿದಳು.