ಮೇ ತಿಂಗಳ ಹಿಮದಲ್ಲಿ ಟೊಮೆಟೊ

ಊರಿಗೆ ಬಂದು ನಾಲ್ಕು ದಿನ ಆಯಿತು. ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಪಕ್ಕದ ಮನೆ ಅತ್ತೆ ಬಂದವರು ಕೇಳಿದರು. "ಅಲ್ಲಿ ಹಿಮ ಬೀಳ್ತದಲ್ಲ ಮಗಾ, ಮತ್ತೆ ಟೊಮೆಟೊ ಹೇಗೆ ಮಾಡ್ತಿ?" ಕಾಫಿ ಆರುವ ತನಕ ಹೇಳಿದೆ. ಹೇಳಿದಷ್ಟೂ ಉಳಿಯಿತು.

ನಾವಿರುವುದು ಅಮೆರಿಕದ ಡೆನ್ವರಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಊರು. ಅಲ್ಲಿನ ವಸಂತವನ್ನು ನಂಬಲಿಕ್ಕಾಗುವುದಿಲ್ಲ. ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಫ್ಯಾನ್ ಬೇಕು. ಕೆಲವು ರಾತ್ರಿ ಫ್ರಾಸ್ಟ್ ಬೀಳುತ್ತದೆ. ಎಲೆಯ ಮೇಲಿನ ಇಬ್ಬನಿ ಗಟ್ಟಿಯಾಗಿ ಬೆಳ್ಳಗಾಗುವುದು. ನಮ್ಮ ಕರಾವಳಿಯಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ, ಹಾಗಾಗಿ ಅಮ್ಮನಿಗೆ ವಿವರಿಸಲು ನನಗೆ ಒಂದು ಪದವೂ ಸಿಕ್ಕಿರಲಿಲ್ಲ. ಟೊಮೆಟೊ ಗಿಡಕ್ಕೆ ಒಂದು ರಾತ್ರಿಯ ಫ್ರಾಸ್ಟ್ ಸಾಕು, ಬೆಳಗಾಗುವಾಗ ಎಲೆ ಕಪ್ಪಾಗಿ ಜೋತು ಬಿದ್ದಿರುತ್ತದೆ. ಮೇ ತಿಂಗಳ ಎರಡನೇ ಭಾನುವಾರ, ಅಂದರೆ ಅಮ್ಮಂದಿರ ದಿನ ಕಳೆದ ಮೇಲೆ ನೆಡಿ ಎಂದು ಅಲ್ಲಿಯವರು ಹೇಳುತ್ತಾರೆ. ಆದರೆ ಅಕ್ಟೋಬರ್ ಬಂತೆಂದರೆ ಮತ್ತೆ ಫ್ರಾಸ್ಟ್. ನಡುವೆ ಇರುವುದು ಸುಮಾರು ಐದು ತಿಂಗಳು ಮಾತ್ರ.

ಅದಕ್ಕೇ ಮಾರ್ಚ್ ಕೊನೆಯಲ್ಲಿ ಮನೆಯೊಳಗೆ ಬೀಜ ಹಾಕುತ್ತೇನೆ. ಬೇಗ ಹಣ್ಣು ಕೊಡುವ ತಳಿಗಳು, ಅರ್ಲಿ ಗರ್ಲ್ ಮತ್ತು ಗ್ಲೇಷಿಯರ್. ಮೊಳಕೆಗೆ 21ರಿಂದ 27 ಡಿಗ್ರಿ ಬೆಚ್ಚಗಿರಬೇಕು. ಫ್ರಿಜ್ಜಿನ ಮೇಲೆ ಇಟ್ಟರೆ ಒಂದು ವಾರದಲ್ಲಿ ಬರುತ್ತದೆ. ಮೊದಲ ವರ್ಷ ಕಿಟಕಿಯ ಬೆಳಕು ಸಾಕು ಅಂದುಕೊಂಡಿದ್ದೆ. ಸಸಿಗಳೆಲ್ಲ ಬೆಳಕು ಹುಡುಕುತ್ತಾ ನೂಲಿನ ಹಾಗೆ ಉದ್ದವಾದವು. ಈಗ ಸಸಿಗೆ ಮೂರು ನಾಲ್ಕು ಇಂಚು ಮೇಲೆ ಟ್ಯೂಬ್‌ಲೈಟ್ ಕಟ್ಟಿ ದಿನಕ್ಕೆ 14 ಗಂಟೆ ಉರಿಸುತ್ತೇನೆ. ನೆಡುವ ಮೊದಲು ಒಂದು ವಾರ, ಹತ್ತು ದಿನ ಹೊರಗಿಟ್ಟು ಅಭ್ಯಾಸ ಮಾಡಿಸಬೇಕು. ಮೊದಲ ದಿನ ಒಂದು ಗಂಟೆ ನೆರಳಿನಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಆ ಎತ್ತರದಲ್ಲಿ ಬಿಸಿಲು ಬಹಳ ಖಾರ, ಒಮ್ಮೆಲೇ ಇಟ್ಟರೆ ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ.

2022ನ್ನು ನಾನು ಮರೆಯುವುದಿಲ್ಲ. ಅಮ್ಮಂದಿರ ದಿನ ಕಳೆದು ಒಂದು ವಾರಕ್ಕೆ ಆರು ಸಸಿ ನೆಟ್ಟಿದ್ದೆ. ಮೇ 19ಕ್ಕೆ 31 ಡಿಗ್ರಿ ಹತ್ತಿರ ಸೆಕೆ. ಮರುದಿನವೇ ಹಿಮ ಅಂದರು! ಸಂಜೆ ಮಳೆ ಶುರುವಾಯಿತು, ಹನಿ ದಪ್ಪವಾಗುತ್ತಾ ಬಂತು. ಗಾಬರಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಉಡುಪಿಯಲ್ಲಿ ಆಗ ಬೆಳಗ್ಗಿನ ಹೊತ್ತು, ಅಮ್ಮ ಅಂಗಳ ಗುಡಿಸುತ್ತಿದ್ದರು.

"ಮಳೆಗೆ ಗುಳ್ಳದ ಸಸಿಗೆ ಎಂತ ಮಾಡ್ತೇವೆ ನಾವು? ಕೋಲು ಊರಿ ಮೇಲೆ ಮಡಲು ಇಡ್ತೇವಲ್ಲ. ಹಾಗೆ ಮಾಡು. ಎಲೆಗೆ ಮಾತ್ರ ತಾಗಬಾರದು" ಎಂದರು.

ಗುಳ್ಳ ಅಂದರೆ ನಮ್ಮೂರಿನ ಬದನೆ, ಮಡಲು ಅಂದರೆ ತೆಂಗಿನ ಗರಿ. ಹಿಮವನ್ನು ಅಮ್ಮ ನೋಡಿದವರೇ ಅಲ್ಲ. ಆದರೂ ಹೇಳಿದ್ದು ಸರಿಯಾಗಿತ್ತು. ನಾಲ್ಕು ಗಿಡಕ್ಕೆ ಬಕೆಟ್ ಕವುಚಿ ಕಲ್ಲು ಹೇರಿದೆ, ಒಳಗೆ ಒಂದೊಂದು ಬಿಸಿನೀರಿನ ಬಾಟಲಿ ಇಟ್ಟೆ. ಬಕೆಟ್ ಮುಗಿಯಿತು. ಉಳಿದ ಎರಡಕ್ಕೆ ಕತ್ತಲಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಕೋಲು ಊರಲು ಪುರುಸೊತ್ತು ಇರಲಿಲ್ಲ. ರಾತ್ರಿಯೆಲ್ಲ ಹಿಮ ಬಿತ್ತು. ಚಿಗುರಿ ನಿಂತಿದ್ದ ಮರಗಳ ಕೊಂಬೆಗಳು ಎಲೆಯ ಮೇಲೆ ಕೂತ ಹಿಮದ ಭಾರಕ್ಕೆ ಲಟಲಟ ಮುರಿಯುತ್ತಿದ್ದವು. ಚಳಿ ಬಿಟ್ಟ ಮೇಲೆ ಬಕೆಟ್ ಎತ್ತಿದರೆ ನಾಲ್ಕೂ ಹಸುರಾಗಿ ನಿಂತಿವೆ. ಪ್ಲಾಸ್ಟಿಕ್ ತಾಗಿದ ಎರಡು ಸತ್ತಿದ್ದವು. ಆ ಎರಡನ್ನು ಕೀಳುವಾಗ ನನಗೆ ನಿಜವಾಗಿ ಅಳು ಬಂತು. ಎರಡು ತಿಂಗಳು ಮಗುವಿನ ಹಾಗೆ ನೋಡಿದ್ದು, ಅಲ್ವಾ.

ಈಗ ಅಲ್ಲಿ ಸಿಗುವ ನೀರಿನ ಬೇಲಿ ತಂದಿದ್ದೇನೆ. ಪ್ಲಾಸ್ಟಿಕ್ ಕೊಳವೆಗಳನ್ನು ಸಾಲಾಗಿ ಸೇರಿಸಿದ ಒಂದು ಬಳೆ, ಗಿಡದ ಸುತ್ತ ನಿಲ್ಲಿಸಿ ನೀರು ತುಂಬುವುದು. ಹಗಲಲ್ಲಿ ನೀರು ಬಿಸಿಲು ಹೀರುತ್ತದೆ, ರಾತ್ರಿ ಬಿಡುತ್ತದೆ. ಇನ್ನೂ ಚೆಂದ ಎಂದರೆ, ನೀರು ಹೆಪ್ಪುಗಟ್ಟುವಾಗಲೂ ಶಾಖ ಹೊರಗೆ ಬರುತ್ತದೆ. ಅದರಿಂದಲೂ ಒಳಗಿನ ಗಿಡ ಬದುಕುತ್ತದೆ. ಆದರೂ ನಾನು ಏಪ್ರಿಲಿನಲ್ಲೇ ನೆಡಲು ಹೋಗುವುದಿಲ್ಲ. ಮಣ್ಣು ತಣ್ಣಗಿದ್ದರೆ ಗಿಡ ಸುಮ್ನೆ ಕೂತೇ ಇರುತ್ತದೆ. ರಾತ್ರಿ 13 ಡಿಗ್ರಿಗಿಂತ ಕೆಳಗೆ ಹೋದರೆ ಹೂವು ಕಾಯಿ ಕಟ್ಟದೆ ಉದುರುವುದೇ ಜಾಸ್ತಿ. 2022ರಲ್ಲಿ ಉಳಿದ ಆ ನಾಲ್ಕು ಗಿಡದ ಮೊದಲ ಹಣ್ಣು ಜುಲೈ ಎರಡನೇ ವಾರ ಕೆಂಪಾಯಿತು. ಸಾರು ಮಾಡಿ ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟೆ. ಮನೆಯೆಲ್ಲ ಉಡುಪಿಯ ಪರಿಮಳ.

ನಮ್ಮೂರಲ್ಲೂ ಟೊಮೆಟೊ ಸುಲಭದ್ದಲ್ಲ. ಮಳೆಗಾಲದಲ್ಲಂತೂ ಆಗುವುದೇ ಇಲ್ಲ. ಮಳೆ ಹೋದ ಮೇಲೆ ನೆಟ್ಟರೂ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಸೊರಗು ರೋಗ ಬರುತ್ತದೆ. ಎಲೆ ಹಸುರಾಗಿದ್ದ ಹಾಗೆಯೇ ಗಿಡ ಬಾಡಿ ಬೀಳುತ್ತದೆ. ಅಮ್ಮ ಎಷ್ಟೋ ವರ್ಷ ಕೈಬಿಟ್ಟಿದ್ದರು. ಈ ಸಲ ಗೋಣಿಚೀಲಕ್ಕೆ ಹೊಸ ಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿ ಮೂರು ಸಸಿ ಇಟ್ಟಿದ್ದಾರೆ. ಕೆಳಗಿನ ಎಲೆ ಚಿವುಟಿ ಕಾಂಡವನ್ನು ಆಳಕ್ಕೆ ಹುಗಿಯಿರಿ, ಕಾಂಡದಿಂದಲೂ ಬೇರು ಬರುತ್ತದೆ ಎಂದು ನಾನು ಫೋನಲ್ಲಿ ಹೇಳಿದ್ದೆ. ಹಾಗೆಯೇ ನೆಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಒಂದರಲ್ಲಿ ಮೊದಲ ಹೂವು ಕಂಡಿತು.

ನವೆಂಬರ್ ಕೊನೆ, ಮಳೆ ಹೋಯಿತು ಎಂದೇ ಎಲ್ಲರ ಲೆಕ್ಕ. ಆದರೆ ಮಧ್ಯಾಹ್ನದಿಂದ ಮೋಡ ಕಟ್ಟಿದೆ, ಗಾಳಿಯೇ ಇಲ್ಲ. ಹಿತ್ತಲಿನಿಂದ ಅಮ್ಮ ಕರೆಯುತ್ತಿದ್ದಾರೆ. "ಮಗಾ, ಬಾವಿಕಟ್ಟೆ ಹತ್ರ ಎರಡು ಮಡಲು ಉಂಟು, ಬೇಗ ತಾ. ಕೋಲು ನಾನು ಊರ್ತೇನೆ."