ಮಳೆಗೆ ಮುನ್ನ ಬೊಲೆರೊ

18 ಮೇ 2024, ಶನಿವಾರ
ತೀರ್ಥಹಳ್ಳಿ

ಬೆಳಿಗ್ಗೆ ಏಳೂವರೆಗೇ ಬೊಲೆರೊವನ್ನು ಗ್ಯಾರೇಜಿಗೆ ಒಯ್ದೆ. ಮುಂಗಾರು ಹಿಡಿದರೆ ನಮ್ಮ ಮನೆಯಿಂದ ಡಾಂಬರು ರಸ್ತೆಯವರೆಗಿನ ಕೆಸರಿನಲ್ಲಿ ಅದನ್ನೇ ನಂಬಬೇಕು. ಅದಕ್ಕೇ ಪ್ರತಿ ವರ್ಷ ಮೇ ತಿಂಗಳಲ್ಲಿ ಸರ್ವಿಸ್. 2008ರ ಗಾಡಿ; ಮೀಟರಿನಲ್ಲಿ ಇಂದು 2,18,640.

ಆಯಿಲ್, ಫಿಲ್ಟರುಗಳ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಆರು ಲೀಟರ್ ಎಂಜಿನ್ ಆಯಿಲಿಗೆ 2,340 ರೂಪಾಯಿ, ಆಯಿಲ್, ಡೀಸೆಲ್, ಏರ್ ಫಿಲ್ಟರ್ ಮೂರಕ್ಕೂ ಸೇರಿ 1,450.

ಕೆಲವು ವಾರಗಳಿಂದ ಮೊದಲನೇ ಗೇರಿನಲ್ಲಿ ಹೊರಡುವಾಗ ಅಡಿಯಿಂದ ‘ಟಕ್’ ಎಂದು ಸದ್ದು ಬರುತ್ತಿತ್ತು. ಮೆಕ್ಯಾನಿಕ್ ಗಾಡಿಯ ಕೆಳಗಿನಿಂದಲೇ, “ಗೌಡರೇ, ಬನ್ನಿ ಇಲ್ಲಿ, ನೀವೇ ನೋಡಿ” ಎಂದು ಕರೆದು ಟಾರ್ಚ್ ಹಿಡಿದರು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಕ್ರಾಸ್‌ನ (ನಾಲ್ಕು ತುದಿಯ ಕೀಲಿನ) ಒಂದು ಮೂಲೆಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಕೂತಿತ್ತು. ಒಳಗೆ ಗ್ರೀಸ್ ಒಣಗಿ, ಸೂಜಿಯಂಥ ಸಣ್ಣ ರೋಲರುಗಳು ತಿಕ್ಕಿ ತುಕ್ಕು ಹಿಡಿದು ಉದುರಿದ ಪುಡಿ ಅದು. ಹೊಸ ಕ್ರಾಸ್‌ಗೆ 850. ಮುಂದಿನದು ಗಟ್ಟಿಯಾಗಿತ್ತು. ಅದಕ್ಕೆ ಗ್ರೀಸ್ ಗನ್ ಕಚ್ಚಿಸಿ ಒತ್ತಿದಾಗ ಮೊದಲು ಕಪ್ಪು ಗ್ರೀಸ್ ಹೊರಬಂತು, ಅದರ ಬೆನ್ನಿಗೇ ಹೊಸದು. ನಾಲ್ಕೂ ತುದಿಯಲ್ಲಿ ಹೊಸದು ಕಾಣುವವರೆಗೆ ಅವರು ಕೈ ನಿಲ್ಲಿಸಲಿಲ್ಲ. ಇಂಥ ಕೆಲಸಗಾರರು ಊರಿನಲ್ಲಿರುವುದು ನಮ್ಮ ಪುಣ್ಯ.

ಬ್ರೇಕ್ ಆಯಿಲ್ ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಕಾಯುವುದಿಲ್ಲ. 2021ರಲ್ಲಿ ಅಮ್ಮನನ್ನು ಉಡುಪಿಗೆ ಕರೆದುಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒಂಬತ್ತನೆಯದನ್ನು ದಾಟುವಾಗ ಪೆಡಲ್ ಮೆತ್ತಗಾಗಿ ನೆಲದವರೆಗೆ ಇಳಿಯಿತು. ಗೇರನ್ನು ಮೊದಲನೆಯದಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಗೆ ಹೇಗೋ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಹೋಗಿದ್ದರು. ಅವರಿಗೆ ಈವರೆಗೂ ಹೇಳಿಲ್ಲ. ತಪ್ಪು ನನ್ನದೇ, ಐದು ವರ್ಷ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೆ ಆವಿಯ ಗುಳ್ಳೆಗಳೆದ್ದು, ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದಕ್ಕೇ ಹೋಗುತ್ತದೆ. ನಮ್ಮ ಮಲೆನಾಡಿನ ತೇವದಲ್ಲಂತೂ ಕೇಳುವುದೇ ಬೇಡ. ಈಗ ಎರಡು ವರ್ಷ ತುಂಬಿತೆಂದರೆ ಬದಲಿಸಿಯೇ ತೀರುತ್ತೇನೆ. ಇಂದು ಒಂದು ಲೀಟರಿಗೆ 380. ಹಿಂದಿನ ಡ್ರಮ್ಮುಗಳ ಲೈನರ್ ಸವೆದಿತ್ತು, ಅದಕ್ಕೆ 1,150.

ಕೂಲಿ 1,600 ಸೇರಿ ಒಟ್ಟು 7,770 ರೂಪಾಯಿ. ಮಧ್ಯಾಹ್ನ ಫೋನ್ ಮಾಡಿದ ಭಾವ, “ಆ ಹಳೆಯ ಗಾಡಿಗೆ ಇನ್ನೂ ಎಷ್ಟು ಸುರಿಯುತ್ತೀಯಾ? ಕೊಟ್ಟುಬಿಡು ಮಾರಾಯ” ಎಂದರು. ಲೆಕ್ಕದ ಪುಸ್ತಕ ತೆರೆದು ಅವರಿಗೆ ಓದಿ ಹೇಳಿದೆ. ಹೋದ ವರ್ಷವೇ ಖರ್ಚು ಜಾಸ್ತಿ: ಕ್ಲಚ್ಚಿಗೆ 9,500, ಹದಿನೈದು ವರ್ಷ ತುಂಬಿದ್ದರಿಂದ ಆರ್‌ಸಿ (ಗಾಡಿಯ ನೋಂದಣಿ ಪತ್ರ) ನವೀಕರಣದ ಶುಲ್ಕ 5,000. ಈ ಶುಲ್ಕ 2022ರ ಏಪ್ರಿಲ್‌ಗೆ ಮೊದಲು ಬರೀ 600 ಇತ್ತು! ಅದು ನನಗೆ ಈಗಲೂ ಅನ್ಯಾಯವೆಂದೇ ಅನಿಸುತ್ತದೆ. ಆದರೂ ಸರ್ವಿಸ್ ಸಮೇತ ವರ್ಷದ ಖರ್ಚೆಲ್ಲ ಕೂಡಿಸಿದರೆ ಹೊಸ ಗಾಡಿಯ ಎರಡು ತಿಂಗಳ ಕಂತೂ ಆಗುವುದಿಲ್ಲ. ಭಾವ ಮುಂದೆ ಮಾತಾಡಲಿಲ್ಲ.

ಹೊರಡುವ ಮೊದಲು ಟಯರುಗಳನ್ನು ನೋಡಿದೆ. ನೆಲ ಹಿಡಿಯುವ ಗೀರುಗಳು ಇನ್ನೂ ಆಳವಾಗಿಯೇ ಇವೆ. ಆದರೆ ಹಿಂದಿನೆರಡರ ಪಕ್ಕದಲ್ಲಿ ಅಚ್ಚಾದ ಅಂಕಿ 2118, ಅಂದರೆ 2018ರ ಇಪ್ಪತ್ತೊಂದನೇ ವಾರದ್ದು. ಆರು ವರ್ಷವಾಯಿತು. ಬೆರಳಿಂದ ಒತ್ತಿದರೆ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತದೆ. ಅಡಕೆ ದುಡ್ಡು ಕೈಗೆ ಬರುವುದು ಇನ್ನು ದೀಪಾವಳಿಯ ನಂತರ, ಅಷ್ಟು ಕಾಯುವಂತಿಲ್ಲ. ಸೋಮವಾರ ಎರಡು ಟಯರು ತರುತ್ತೇನೆ.